ಟ್ರ್ಯಾಕ್ಟರ್ ಎಳೀತಾ ಇಲ್ವಾ? ಪಂಪಿಗೆ ಕೈ ಹಾಕೋ ಮೊದಲು ಇಷ್ಟು ನೋಡಿ

ನನ್ನದು ಮೂರು ಸಿಲಿಂಡರಿನ, 22 ಎಚ್‌ಪಿಯ ಸಣ್ಣ ಟ್ರ್ಯಾಕ್ಟರ್. ಡೀಸೆಲ್ಲನ್ನು ಒತ್ತಡದಲ್ಲಿ ಸಿಲಿಂಡರ್‌ಗಳಿಗೆ ಕಳಿಸುವ ಪಂಪ್ ಮೆಕ್ಯಾನಿಕಲ್. ಟರ್ಬೊ ಇಲ್ಲ, ಸೆನ್ಸರ್ ಇಲ್ಲ. ಒಂದು ದಿನ ರೋಟವೇಟರ್ ಹಾಕಿ ಹೊಲಕ್ಕಿಳಿದೆ. ಇಪ್ಪತ್ತು ನಿಮಿಷ ಚೆನ್ನಾಗಿ ಓಡಿತು. ಆಮೇಲೆ ಸದ್ದು ಕುಗ್ಗುತ್ತಾ ಬಂತು. ಹ್ಯಾಂಡ್ ಥ್ರಾಟಲ್ ಪೂರ್ತಿ ಎಳೆದರೂ ಇಂಜಿನ್ ಏಳಲಿಲ್ಲ. ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಮತ್ತೆ ಹುಲಿ. ಇನ್ನೊಂದು ಇಪ್ಪತ್ತು ನಿಮಿಷಕ್ಕೆ ಮತ್ತೆ ಅದೇ ಕಥೆ.

ಮೆಕ್ಯಾನಿಕ್‌ಗೆ ತೋರಿಸಿದೆ. ನಾಝಲ್ (ಸಿಲಿಂಡರ್ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ) ಹೋಗಿದೆ ಅಂದರು, ಹೊಸದು ಹಾಕಿಸಿದೆ. ಸರಿ ಹೋಗಲಿಲ್ಲ. ಪಂಪ್ ಇಳಿಸಬೇಕು ಅಂದರು, ಇಳಿಸಿ ಕ್ಯಾಲಿಬ್ರೇಷನ್ (ಡೀಸೆಲ್ ಅಳತೆ ಸರಿಪಡಿಸುವುದು) ಮಾಡಿಸಿ ಮತ್ತೆ ಕೂರಿಸಿದ್ದಾಯಿತು. ಒಂಬತ್ತು ದಿನ ಗಾಡಿ ನಿಂತಿತ್ತು. ಹೊಲಕ್ಕೆ ತಂದರೆ ಇಪ್ಪತ್ತನೇ ನಿಮಿಷಕ್ಕೆ ಮತ್ತೆ ಸುಸ್ತು. ಕೊನೆಗೆ ಬೇಸರಕ್ಕೆ ಟ್ಯಾಂಕ್ ಖಾಲಿ ಮಾಡಿ ಟಾರ್ಚ್ ಬಿಟ್ಟು ನೋಡಿದೆ. ತಳದಲ್ಲಿ ಹೆಬ್ಬೆರಳ ಉಗುರಿನಷ್ಟು ಅಗಲದ ಬೆಳ್ಳಿ ಹಾಳೆ ಬಿದ್ದಿತ್ತು. ಹಳೇ ಆಯಿಲ್ ಕ್ಯಾನಿನಲ್ಲಿ ಡೀಸೆಲ್ ತರುತ್ತಿದ್ದೆ. ಅದರ ಬಾಯಿಗೆ ಅಂಟಿದ್ದ ಸೀಲ್ ಚೂರು ಅದು. ಇಂಜಿನ್ ಡೀಸೆಲ್ ಎಳೆಯುವಾಗ ಹಾಳೆ ತೇಲಿಕೊಂಡು ಬಂದು ಟ್ಯಾಂಕಿನ ತೂತಿಗೆ ಮೆತ್ತಿಕೊಳ್ಳುತ್ತಿತ್ತು. ಇಂಜಿನ್ ನಿಂತರೆ ಬಿಟ್ಟುಕೊಳ್ಳುತ್ತಿತ್ತು. ಅಷ್ಟೇ. ಪಂಪಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಆಮೇಲಿಂದ ನಾನು ಬಿಗಿಯಾಗಿ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಸ್ಪ್ಯಾನರ್ ಬೇಡದ ಕೆಲಸ ಮೊದಲು, ಪಂಪ್ ಕಟ್ಟಕಡೆಗೆ.

ಮೊದಲ ಪ್ರಶ್ನೆ: ತಪ್ಪು ಇಂಜಿನ್‌ದೇನಾ?

ಲೋಡ್ ಬಿದ್ದಾಗ ಇಂಜಿನ್ ಸದ್ದು ಕುಗ್ಗುತ್ತದೋ, ಅಥವಾ ಸದ್ದು ಹಾಗೇ ಇದ್ದು ಗಾಡಿ ಮಾತ್ರ ನಿಧಾನ ಆಗುತ್ತದೋ? ಕಿವಿ ಕೊಟ್ಟು ಕೇಳಿ. ಸದ್ದು ಹಾಗೇ ಇದ್ದರೆ ಅಥವಾ ಏರಿದರೆ, ಚಕ್ರವೂ ಮಣ್ಣಲ್ಲಿ ಸುಮ್ನೆ ತಿರುಗುತ್ತಿಲ್ಲ ಅಂದರೆ, ಕ್ಲಚ್ ಜಾರುತ್ತಿದೆ. ಕ್ಲಚ್ ಪೆಡಲ್‌ನ ಫ್ರೀ ಪ್ಲೇ, ಅಂದರೆ ಒತ್ತಿದಾಗ ಮೊದಲಿಗೆ ಸಿಗುವ ಸಡಿಲ, ನೋಡಿ. ಇಂಜಿನ್ ಬಿಚ್ಚಿ ಪ್ರಯೋಜನವಿಲ್ಲ.

ಬ್ರೇಕ್ ಹಿಡಿದುಕೊಂಡೇ ಇದ್ದರೂ ಇಂಜಿನ್‌ಗೆ ದಮ್ಮಿಲ್ಲ ಅನ್ನಿಸುತ್ತದೆ. ಸ್ವಲ್ಪ ದೂರ ಓಡಿಸಿ, ಎರಡೂ ಕಡೆಯ ಬ್ರೇಕ್ ಹೌಸಿಂಗ್ ಹತ್ತಿರ ಕೈ ಹಿಡಿದು ನೋಡಿ. ಒಂದು ಕಡೆ ಕಾದಿದ್ದರೆ ಅಲ್ಲೇ ಇದೆ. ಹಾಗೆಯೇ ಹೈಡ್ರಾಲಿಕ್. ಲಿಫ್ಟ್ ಮೇಲಕ್ಕೆ ಹೋಗಿ ನಿಂತ ಮೇಲೂ ಕಿರ್ರ್ ಅನ್ನುವ ಸದ್ದು ಬರುತ್ತಿದ್ದರೆ ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದರೆ ತೆರೆದುಕೊಳ್ಳುವ ವಾಲ್ವ್) ಮೂಲಕ ಎಣ್ಣೆ ಒತ್ತಡದಲ್ಲಿ ಹಾಯುತ್ತಿದೆ. ಸಣ್ಣ ಇಂಜಿನ್‌ಗೆ ಅದೂ ಒಂದು ಹೊರೆ.

ಇನ್ನೊಂದು ಚೆಕ್ ಐದೇ ನಿಮಿಷದ್ದು, ಆದರೆ ಯಾರೂ ಮಾಡುವುದಿಲ್ಲ. ಒಬ್ಬರು ಥ್ರಾಟಲ್ ಪೂರ್ತಿ ಎಳೆಯಲಿ, ನೀವು ಪಂಪಿನ ಪಕ್ಕ ಬಗ್ಗಿ ಲಿವರ್ ನೋಡಿ. ಅದು ಕೊನೆಯ ಸ್ಟಾಪ್ ಸ್ಕ್ರೂಗೆ ತಾಗಬೇಕು. ಕೇಬಲ್ ಸಡಿಲಾಗಿದ್ದರೆ, ರಾಡ್‌ನ ಪಿನ್ ಸವೆದಿದ್ದರೆ, ಪೆಡಲ್ ಕೆಳಗೆ ಮ್ಯಾಟ್ ಸಿಕ್ಕಿಕೊಂಡಿದ್ದರೆ ಲಿವರ್ ಅಲ್ಲಿಗೆ ಮುಟ್ಟುವುದೇ ಇಲ್ಲ. ಇಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್ ಪೂರ್ತಿ ವಾಪಸ್ ಹೋಗದೆ ಅರ್ಧಕ್ಕೆ ನಿಂತರೂ ಡೀಸೆಲ್ ಕಡಿಮೆಯೇ ಹೋಗುತ್ತದೆ.

ಪಂಪಿನ ಮೇಲೆ ತಂತಿ ಕಟ್ಟಿ ಸೀಲ್ ಮಾಡಿದ ಸ್ಕ್ರೂ ಇರುತ್ತದೆ. ಅದನ್ನು ಮುಟ್ಟಬೇಡಿ. "ಅರ್ಧ ಸುತ್ತು ತಿರುಗಿಸಿದರೆ ಪಿಕಪ್ ಬರುತ್ತೆ" ಅನ್ನುವವರು ಸಿಕ್ಕೇ ಸಿಗುತ್ತಾರೆ. ಡೀಸೆಲ್ ಜಾಸ್ತಿ ಹೋಗಿ ಎರಡು ದಿನ ಪಿಕಪ್ ಬಂದ ಹಾಗೆ ಕಾಣಬಹುದು. ಅದರ ಜೊತೆಗೆ ಕಪ್ಪು ಹೊಗೆ, ಸೈಲೆನ್ಸರ್ ಕೆಂಪಾಗುವಷ್ಟು ಬಿಸಿ, ಕೊನೆಗೆ ಪಿಸ್ಟನ್ ತಲೆ ಸುಟ್ಟಿರುತ್ತದೆ.

ಹೊಗೆ ನೋಡಿ

ಇಂಜಿನ್ ಬಿಸಿ ಮಾಡಿಕೊಂಡು, ಲೋಡ್ ಹಾಕಿ, ಹೊಗೆ ಯಾವ ಬಣ್ಣ ನೋಡಿ. ಕಪ್ಪು ಅಂದರೆ ಡೀಸೆಲ್ ಇದೆ, ಗಾಳಿ ಸಾಲದು. ಬಿಳಿ ಅಂದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ನೀರು ಒಳಗೆ ಹೋಗುತ್ತಿದೆ. ನೀಲಿ ಅಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಶಕ್ತಿಯೂ ಇಲ್ಲ, ಹೊಗೆಯೂ ಇಲ್ಲ ಅಂದರೆ ಡೀಸೆಲ್ಲೇ ಸಾಲುತ್ತಿಲ್ಲ. ನನ್ನ ಗಾಡಿ ಸುಸ್ತಾದಾಗೆಲ್ಲ ಹೊಗೆಯೇ ಬಿಟ್ಟಿರಲಿಲ್ಲ. ಅದು ಬಾಯಿ ಬಿಟ್ಟು ಹೇಳುತ್ತಿತ್ತು, ನಾವು ಕೇಳಲಿಲ್ಲ.

ಕಪ್ಪು ಹೊಗೆ ಇದ್ದರೆ ಮೊದಲು ಏರ್ ಫಿಲ್ಟರ್. ಒಣ ಫಿಲ್ಟರ್ ಆದರೆ ಹೊರಗೆ ತೆಗೆದು ಒಳಗೆ ಬಲ್ಬ್ ಹಿಡಿಯಿರಿ. ಬೆಳಕು ಸಮನಾಗಿ ಕಾಣದಿದ್ದರೆ ಬದಲಾಯಿಸಿ. ಗಾಳಿ ಹೊಡೆಯುವುದಾದರೆ ಒಳಗಿನಿಂದ ಹೊರಕ್ಕೆ, ದೂರದಿಂದ, ಕಡಿಮೆ ಒತ್ತಡದಲ್ಲಿ. ಒಂದು ಸಣ್ಣ ತೂತು ಬಿದ್ದರೂ ಆ ಫಿಲ್ಟರ್ ಕಸಕ್ಕೆ. ಆಯಿಲ್ ಬಾತ್ ಫಿಲ್ಟರ್ ಆದರೆ ಬಟ್ಟಲು ಬಿಚ್ಚಿ. ತಳದಲ್ಲಿ ಎಣ್ಣೆ ಹೋಗಿ ಕೆಸರು ಕೂತಿರುತ್ತದೆ. ತೊಳೆದು, ಗುರುತಿನವರೆಗೆ ಮಾತ್ರ ಹೊಸ ಎಣ್ಣೆ ಹಾಕಿ. ಜಾಸ್ತಿ ಹಾಕಿದರೆ ಇಂಜಿನ್ ಅದನ್ನೇ ಎಳೆದುಕೊಂಡು ಹಿಡಿತ ತಪ್ಪಿ ಓಡಬಹುದು.

ಫಿಲ್ಟರ್ ಚೆನ್ನಾಗಿದೆ ಅಂದಮಾತ್ರಕ್ಕೆ ಬಿಡಬೇಡಿ. ಫಿಲ್ಟರ್‌ನಿಂದ ಮ್ಯಾನಿಫೋಲ್ಡ್‌ಗೆ ಹೋಗುವ ರಬ್ಬರ್ ಪೈಪ್ ಹೊರಗೆ ಸರಿಯಾಗಿದ್ದು ಒಳಪದರ ಎದ್ದು ಬಂದಿರಬಹುದು. ನಿಂತಾಗ ಏನೂ ಕಾಣುವುದಿಲ್ಲ. ರೇಸ್ ಕೊಟ್ಟರೆ ಒಳಪದರ ಮಡಚಿಕೊಂಡು ದಾರಿ ಮುಚ್ಚುತ್ತದೆ. ಬಿಚ್ಚಿ ಒಳಗೆ ಬೆರಳು ಆಡಿಸಿದರೆ ಗೊತ್ತಾಗುತ್ತದೆ. ಫಿಲ್ಟರ್ ತೆಗೆದು ನಿಂತಲ್ಲೇ ಒಂದು ನಿಮಿಷ ರೇಸ್ ಮಾಡಿ ನೋಡಬಹುದು. ಆದರೆ ಹಾಗೆಯೇ ಧೂಳಿಗೆ ಇಳಿಸಬೇಡಿ, ಪಿಸ್ಟನ್ ರಿಂಗ್‌ಗಳು ಸವೆದು ಹೋಗುತ್ತವೆ.

ಗಾಳಿ ಒಳಗೆ ಬರುವ ದಾರಿಯಂತೆ ಹೊರಗೆ ಹೋಗುವ ದಾರಿಯೂ ಇದೆ. ತುಂಬಾ ದಿನ ನಿಂತ ಗಾಡಿಯಾದರೆ ಸೈಲೆನ್ಸರ್ ಒಳಗೆ ಗೂಡು ಕಟ್ಟಿರಬಹುದು. ತುಕ್ಕು ಹಿಡಿದ ಒಳತಗಡು ಕಳಚಿ ಅಡ್ಡ ಬಿದ್ದಿರಲೂಬಹುದು. ಅಲುಗಾಡಿಸಿ, ಒಳಗೆ ಗಲಗಲ ಅಂದರೆ ಅನುಮಾನ ಪಡಿ.

ಹೊಗೆ ಇಲ್ಲದಿದ್ದರೆ ಡೀಸೆಲ್ ದಾರಿ ಹಿಡಿಯಿರಿ

ಟ್ಯಾಂಕಿನಿಂದ ಶುರು ಮಾಡಿ ಪಂಪಿನ ಕಡೆಗೆ ಬನ್ನಿ. ಉಲ್ಟಾ ಬೇಡ.

ಕ್ಯಾಪ್: ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಹೋಗಲು ಸಣ್ಣ ತೂತು ಇರುತ್ತದೆ. ಅದು ಕಟ್ಟಿದರೆ ಡೀಸೆಲ್ ಇಳಿದಂತೆಲ್ಲ ಟ್ಯಾಂಕ್ ಒಳಗೆ ನಿರ್ವಾತ ಬಂದು ಹರಿವು ನಿಲ್ಲುತ್ತದೆ. ಇಂಜಿನ್ ಸುಸ್ತಾದ ಹೊತ್ತಿಗೆ ಮುಚ್ಚಳ ತಿರುಗಿಸಿ. ಸುಸ್ಸ್ ಅಂತ ಗಾಳಿ ಎಳೆದುಕೊಂಡು ಇಂಜಿನ್ ಚೇತರಿಸಿಕೊಂಡರೆ ಕೆಲಸ ಮುಗಿಯಿತು.

ಮುಂದಿನದು ಹರಿವು. ಟ್ಯಾಂಕ್ ಮೇಲಿದ್ದು ಡೀಸೆಲ್ ತಾನಾಗಿ ಇಳಿಯುವ ಗಾಡಿಗಳಲ್ಲಿ ಇದು ಸುಲಭ. ಫಿಲ್ಟರ್‌ಗೆ ಬರುವ ಪೈಪ್ ಬಿಚ್ಚಿ, ಶುದ್ಧ ಬಕೆಟ್ ಒಳಗೆ ಬಿಡಿ. ಪೆನ್ಸಿಲ್ ದಪ್ಪದ ಧಾರೆ ಬರಬೇಕು. ಐದು ಸೆಕೆಂಡ್ ನೋಡಿ "ಬರ್ತಾ ಇದೆ" ಅಂತ ಪೈಪ್ ಸಿಕ್ಕಿಸಿಬಿಡುತ್ತಾರೆ, ತಪ್ಪು ಅಲ್ಲೇ ಆಗುವುದು. ಐದು ನಿಮಿಷ ಬಿಡಿ. ನನ್ನ ಟ್ಯಾಂಕಿನದು ಮೊದಲು ದಪ್ಪವಾಗಿಯೇ ಬಂತು, ಮೂರನೇ ನಿಮಿಷಕ್ಕೆ ದಾರದಷ್ಟಾಯಿತು, ಆಮೇಲೆ ಹನಿ. ಪೈಪಿನೊಳಗೆ ಬಾಯಿಂದ ಊದಿದೆ. ಟ್ಯಾಂಕಿನಲ್ಲಿ ಬುಳುಬುಳು ಅಂತು, ಧಾರೆ ಮತ್ತೆ ದಪ್ಪವಾಯಿತು. ಟಾರ್ಚ್ ಹಿಡಿಯಲು ಬುದ್ಧಿ ಬಂದದ್ದು ಆಗ. ನೀವು ಊದಲು ಸೈಕಲ್ ಪಂಪ್ ಬಳಸಿ, ಡೀಸೆಲ್ ರುಚಿ ಎರಡು ದಿನ ಹೋಗುವುದಿಲ್ಲ.

ಆ ಬಕೆಟ್‌ನ ಡೀಸೆಲ್ಲನ್ನು ಚೆಲ್ಲಬೇಡಿ. ಗಾಜಿನ ಬಾಟಲಿಗೆ ಹಾಕಿ ರಾತ್ರಿಯಿಡೀ ಇಡಿ. ನೀರಿದ್ದರೆ ತಳದಲ್ಲಿ ಬೇರೆ ಪದರವಾಗಿ ಕೂರುತ್ತದೆ. ಕಪ್ಪು ಲೋಳೆ ಕಂಡರೆ ಟ್ಯಾಂಕಿನಲ್ಲಿ ಸೂಕ್ಷ್ಮಜೀವಿ ಬೆಳೆದಿದೆ. ಆಗ ಟ್ಯಾಂಕ್ ಪೂರ್ತಿ ತೊಳೆಯಲೇಬೇಕು, ಬರೀ ಫಿಲ್ಟರ್ ಹಾಕಿದರೆ ಅದೂ ಬೇಗ ಕಟ್ಟುತ್ತದೆ.

ಧಾರೆ ಚೆನ್ನಾಗಿದ್ದರೆ ಡೀಸೆಲ್ ಫಿಲ್ಟರ್ ಬದಲಾಯಿಸಿ. ತೊಳೆದು ಹಾಕುವ ಆಸೆ ಬೇಡ. ಫೀಡ್ ಪಂಪ್ (ಟ್ಯಾಂಕಿನಿಂದ ಡೀಸೆಲ್ ಎಳೆದು ಮುಂದಕ್ಕೆ ಕಳಿಸುವ ಸಣ್ಣ ಪಂಪ್) ಇರುವ ಗಾಡಿಯಲ್ಲಿ ಅದರ ಬಾಯಲ್ಲಿ ಒಂದು ಪುಟ್ಟ ಜಾಲರಿ ಇರಬಹುದು. ಕೆಲವದರಲ್ಲಿ ಬ್ಯಾಂಜೊ ಬೋಲ್ಟ್‌ನ (ಪೈಪ್ ಜೋಡಿಸುವ, ನಡುವೆ ತೂತಿರುವ ಬೋಲ್ಟ್) ಒಳಗೇ ಇರುತ್ತದೆ. ಅದು ಎಲ್ಲರಿಗೂ ಮರೆಯುತ್ತದೆ.

ಪೈಪ್ ಸೀಳಿದ್ದರೆ ಡೀಸೆಲ್ ಸೋರಲೇಬೇಕು ಅಂತಿಲ್ಲ. ಫೀಡ್ ಪಂಪ್ ಎಳೆಯುವ ಕಡೆಯಲ್ಲಿ ಸೀಳಿದ್ದರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಪಾರದರ್ಶಕ ಪೈಪಿನ ಒಂದು ತುಂಡು ತಾತ್ಕಾಲಿಕವಾಗಿ ಸೇರಿಸಿ ನೋಡಿ, ಗುಳ್ಳೆಗಳು ಸಾಲಾಗಿ ಓಡುವುದು ಕಾಣುತ್ತದೆ.

ಇಷ್ಟೆಲ್ಲ ಬಿಚ್ಚಿದ ಮೇಲೆ ಏರ್, ಅಂದರೆ ಡೀಸೆಲ್ ದಾರಿಯಲ್ಲಿ ಸೇರಿಕೊಂಡ ಗಾಳಿ, ತೆಗೆಯಬೇಕು. ಟ್ಯಾಂಕ್ ಅರ್ಧಕ್ಕಿಂತ ಜಾಸ್ತಿ ಇರಲಿ. ಫಿಲ್ಟರ್ ತಲೆಯ ಬ್ಲೀಡ್ ಸ್ಕ್ರೂ ಸಡಿಲಿಸಿ, ಕೈಪಂಪ್ ಒತ್ತಿ. ನೊರೆ ಹೋಗಿ ಸ್ವಚ್ಛ ಡೀಸೆಲ್ ಬಂದ ಮೇಲೆ, ಒತ್ತುತ್ತಿರುವಾಗಲೇ ಬಿಗಿ ಮಾಡಿ. ಆಮೇಲೆ ಪಂಪಿನ ಸ್ಕ್ರೂ, ಅದೇ ರೀತಿ. ಆಮೇಲೂ ಹಿಡಿಯದಿದ್ದರೆ ನಾಝಲ್ ಪೈಪ್‌ಗಳ ನಟ್ ಅರ್ಧ ಸುತ್ತು ಸಡಿಲಿಸಿ ಸ್ಟಾರ್ಟರ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಸೆಕೆಂಡ್ ಸಾಕು, ಮಧ್ಯೆ ಮೋಟರ್ ತಣ್ಣಗಾಗಲಿ. ತಾಮ್ರದ ವಾಷರ್‌ಗಳು ಹೊಸವೇ ಇರಲಿ. ಹಳೇ ವಾಷರ್‌ನಲ್ಲೇ ಗಾಳಿ ಎಳೆದು ನಾನೊಂದು ಮಧ್ಯಾಹ್ನ ಹಾಳು ಮಾಡಿಕೊಂಡಿದ್ದೇನೆ.

ನಾಝಲ್, ವಾಲ್ವ್, ರಿಂಗ್

ಇಂಜಿನ್ ಕುಂಟುತ್ತಿದ್ದರೆ, ಅಂದರೆ ಐಡ್ಲಿಂಗ್‌ನಲ್ಲೂ ಒಂದು ಏಟು ತಪ್ಪುತ್ತಿದ್ದರೆ, ಯಾವ ಸಿಲಿಂಡರ್ ಅಂತ ಹುಡುಕಬಹುದು. ಐಡ್ಲಿಂಗ್‌ನಲ್ಲಿ ಒಂದೊಂದೇ ನಾಝಲ್ ಪೈಪಿನ ನಟ್ ಸ್ವಲ್ಪ ಸಡಿಲಿಸಿ, ಮತ್ತೆ ಬಿಗಿ ಮಾಡಿ. ಸಡಿಲಿಸಿದಾಗ ಇಂಜಿನ್ ಇನ್ನೂ ಕುಗ್ಗಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಏನೂ ವ್ಯತ್ಯಾಸ ಆಗದಿದ್ದರೆ ಅದೇ ಕಳ್ಳ. ನಟ್ ಮೇಲೆ ದಪ್ಪ ಬಟ್ಟೆ ಮುಚ್ಚಿ, ಕನ್ನಡಕ ಹಾಕಿ, ಬೆರಳು ದೂರ ಇಡಿ. ಈ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು, ಕಾಯಬಾರದು. ಕಾಮನ್ ರೈಲ್ ಇಂಜಿನ್ (ಎಲ್ಲ ನಾಝಲ್‌ಗೂ ಒಂದೇ ಅಧಿಕ ಒತ್ತಡದ ಪೈಪಿನಿಂದ ಡೀಸೆಲ್ ಕೊಡುವ, ಕಂಪ್ಯೂಟರ್ ನಿಯಂತ್ರಿತ ಇಂಜಿನ್) ಆದರೆ ಈ ಪ್ರಯೋಗ ಬೇಡವೇ ಬೇಡ. ಅಲ್ಲಿ ಒತ್ತಡ 1000 ಬಾರ್ ದಾಟುತ್ತದೆ.

ವಾಲ್ವ್ ಗ್ಯಾಪ್ ಬಿಗಿಯಾಗಿದ್ದರೆ ಬಿಸಿಯಾದ ಮೇಲೆ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ. ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಅಳತೆಯನ್ನೇ ಇಡಿ. ಸಣ್ಣ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ 0.2ರಿಂದ 0.3 ಮಿ.ಮೀ. ಆಸುಪಾಸು ಇರುತ್ತದೆ. ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿಗಳು) ಬೇಕು, ಅಂದಾಜು ಬೇಡ.

ರಿಂಗ್ ಸವೆದಿದೆಯಾ ನೋಡಲು ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ತೂತಿನ ಮೇಲೆ ಸುಮ್ನೆ ಇಡಿ. ಐಡ್ಲಿಂಗ್‌ನಲ್ಲಿ ಅದು ಸ್ವಲ್ಪ ಅಲುಗಾಡುವುದು ಸಹಜ. ಕುಣಿದು ಬಿದ್ದು ಬುಸಬುಸ ಹೊಗೆ ಬಂದರೆ, ಜೊತೆಗೆ ನೀಲಿ ಹೊಗೆಯೂ ಇದ್ದರೆ, ಇಂಜಿನ್ ಕೆಲಸದ ಕಾಲ ಬಂದಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ, ರೇಡಿಯೇಟರ್ ನೀರು ಇಳಿಯುತ್ತಿದೆ ಅಂದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಇರಲಿ. ಅಂಥ ಗಾಡಿಯನ್ನು ಎಳೆದಾಡಿಸಬೇಡಿ.

ಇಷ್ಟೂ ಸರಿ ಇದ್ದು, ತಣ್ಣಗಿದ್ದಾಗ ಎಳೆಯುತ್ತದೆ, ಬಿಸಿಯಾದ ಮೇಲೆ ಎಳೆಯುವುದಿಲ್ಲ ಅಂದರೆ ಆಗ ಪಂಪ್ ಮೇಲೆ ಬೊಟ್ಟು ಮಾಡಬಹುದು. ಡೀಸೆಲ್ ಬಿಸಿಯಾದರೆ ತೆಳುವಾಗುತ್ತದೆ, ಸವೆದ ಪಂಪಿನ ಒಳಗೇ ಹಿಂದಕ್ಕೆ ಸೋರುತ್ತದೆ. ಇಳಿಸುವ ಮುಂಚೆ ಪಂಪಿನ ಫ್ಲೇಂಜ್ ಮತ್ತು ಇಂಜಿನ್ ಎರಡಕ್ಕೂ ಸೇರುವಂತೆ ಉಳಿಯಿಂದ ಒಂದು ಗೀರು ಹಾಕಿ. ಅಡಿಯಲ್ಲಿ ಶಿಮ್ (ತೆಳು ತಗಡು) ಇದ್ದರೆ ಎಣಿಸಿ, ಬರೆದು ಇಟ್ಟುಕೊಳ್ಳಿ. ಒಂದು ಶಿಮ್ ಹೆಚ್ಚು ಕಮ್ಮಿಯಾದರೂ ಟೈಮಿಂಗ್, ಅಂದರೆ ಡೀಸೆಲ್ ಚಿಮ್ಮುವ ಸಮಯ, ಬದಲಾಗುತ್ತದೆ. ಪಂಪಿನವರಿಗೆ ಕೊಡುವಾಗ ಯಾವ ಹೊಗೆ, ಎಷ್ಟನೇ ನಿಮಿಷಕ್ಕೆ, ಯಾವ ಲೋಡಿಗೆ ಅಂತ ಹೇಳಿ. ವಾಪಸ್ ತರುವಾಗ ಪ್ರತಿ ಸಿಲಿಂಡರ್‌ಗೆ ಎಷ್ಟು ಡೀಸೆಲ್ ಬರುತ್ತಿದೆ ಅನ್ನುವ ಕ್ಯಾಲಿಬ್ರೇಷನ್ ಚೀಟಿ ಕೇಳಿ ಇಸಿದುಕೊಳ್ಳಿ.