ಮೊಬೈಲ್ ವಿಡಿಯೊದಿಂದ ವೀರಗಲ್ಲಿನ ತ್ರೀಡಿ ಮಾದರಿ: ನನ್ನ ಅನುಭವ

ಕಲ್ಲಿನ ಸುತ್ತ ನಡೆದು ಹಿಡಿದ ವಿಡಿಯೊದ ಚಿತ್ರಗಳನ್ನು ಸಾಫ್ಟ್‌ವೇರ್ ಹೋಲಿಸಿ, ಬೆಸೆದು ತ್ರೀಡಿ ಮಾದರಿ ಕಟ್ಟುತ್ತದೆ. ವೀರಗಲ್ಲಿನ ಮಾದರಿ ಮಾಡುವಾಗ ಕಾಡುವುದು ಕೆತ್ತನೆಯಲ್ಲ, ಕಲ್ಲಿನ ಪಕ್ಕದ ಅಂಚು. ಆಳೆತ್ತರದ ಹಲಗೆಗಲ್ಲು, ದಪ್ಪ ಅರ್ಧ ಅಡಿ. ಅಂಚು ದಾಟುವಾಗ ಎರಡೇ ಹೆಜ್ಜೆಯಲ್ಲಿ ಮುಂಭಾಗ ಮರೆಯಾಗಿ ಹಿಂಭಾಗ ಎದುರಾಗುತ್ತದೆ. ಎರಡನ್ನೂ ಬೆಸೆಯುವ ಗುರುತುಗಳು ಸಾಫ್ಟ್‌ವೇರ್‌ಗೆ ಸಿಗುವುದಿಲ್ಲ. ಆಗ ಮಾದರಿ ಎರಡು ತುಂಡಾಗುತ್ತದೆ, ಇಲ್ಲವೇ ಕಲ್ಲಿನ ದಪ್ಪವೇ ತಪ್ಪಾಗಿ ಬರುತ್ತದೆ. ಅದಕ್ಕೇ ಅಂಚಿನ ಬಳಿ ನಡಿಗೆ ನಿಧಾನ ಮಾಡಿ, ಒಂದೆರಡು ಹೆಜ್ಜೆ ಹಿಂದೆ ಸರಿದು, ಆಚೆಯ ಗೋಡೆ, ಮರದ ಬುಡ, ನೆಲದ ಕಲ್ಲುಗಳೂ ಫ್ರೇಮಿನಲ್ಲಿ ಬರುವಂತೆ ಹಿಡಿಯುತ್ತೇನೆ. ಅಲುಗಾಡದ ವಸ್ತು ಯಾವುದಾದರೂ ಸರಿ. ಗಾಳಿಗೆ ತೂಗುವ ಹುಲ್ಲು ಮಾತ್ರ ಉಪಯೋಗಕ್ಕಿಲ್ಲ.

ಮೋಡ ಕವಿದ ಹೊತ್ತು ಒಳ್ಳೆಯದು. ಬಿಸಿಲಿದ್ದರೆ ನಮ್ಮ ನೆರಳೇ ಕಲ್ಲಿನ ಮೇಲೆ ಓಡಾಡುತ್ತದೆ. 4ಕೆ, ಸೆಕೆಂಡಿಗೆ 30 ಫ್ರೇಮು, ಷಟರ್ 1/250 ಅಥವಾ ಇನ್ನೂ ಚುರುಕು. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರೂ ಲಾಕ್. ಸ್ಟೆಬಿಲೈಸೇಶನ್ ಆಫ್: ಅದು ಒಂದೊಂದು ಫ್ರೇಮನ್ನು ಒಂದೊಂದು ಥರ ಬಾಗಿಸುವುದರಿಂದ ಲೆನ್ಸಿನ ಲೆಕ್ಕ ಕೆಡುತ್ತದೆ. ನಿಂತಲ್ಲೇ ಫೋನ್ ತಿರುಗಿಸಿದರೆ ಆಳ ಸಿಗದು, ನಡೆಯಲೇಬೇಕು. ಮಂಡಿ, ಎದೆ, ತಲೆಯ ಮೇಲೆ, ಹೀಗೆ ಮೂರು ಎತ್ತರದಲ್ಲಿ ಮೂರು ಸುತ್ತು. ಪ್ರತಿ ಸುತ್ತೂ ಶುರುವಾದ ಜಾಗವನ್ನು ಸ್ವಲ್ಪ ದಾಟಿ ಮುಗಿಯಲಿ.

ಎಣ್ಣೆ ಹಚ್ಚಿ ಪೂಜಿಸುವ ಕಲ್ಲಾದರೆ ಹೊಳಪು ನಮ್ಮ ಜೊತೆಗೇ ಸರಿಯುತ್ತದೆ, ಮಾದರಿಯಲ್ಲಿ ಅಲ್ಲಿ ಗುಂಡಿ ಬೀಳುತ್ತದೆ. ಕಲ್ಲನ್ನು ಒರೆಸಬೇಡಿ, ಸೀಮೆಸುಣ್ಣವನ್ನಂತೂ ಬಳಿಯಲೇಬೇಡಿ. ಲೆನ್ಸಿಗೆ ಪೋಲರೈಸರ್ ಫಿಲ್ಟರ್ ಹಾಕಿದರೆ ಹೊಳಪು ಸಾಕಷ್ಟು ಇಳಿಯುತ್ತದೆ.

ವಿಡಿಯೊದಿಂದ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಎಫ್‌ಎಫ್‌ಎಂಪೆಗ್‌ನಲ್ಲಿ ಸೆಕೆಂಡಿಗೆ 2 ಫ್ರೇಮಿನಂತೆ ತೆಗೆದರೆ ಎರಡೂವರೆ ನಿಮಿಷಕ್ಕೆ 300 ಚಿತ್ರ. ಮಸುಕಾದವನ್ನು ತೆಗೆದುಹಾಕಿ. ಚಿತ್ರಗಳನ್ನು ಬೆಸೆದು ಮಾದರಿ ಕಟ್ಟುವ ಸಾಫ್ಟ್‌ವೇರ್ ಕೋಲ್‌ಮ್ಯಾಪ್‌ನಲ್ಲಿ ಎಲ್ಲ ಚಿತ್ರಕ್ಕೂ ಒಂದೇ ಕ್ಯಾಮೆರಾ ಎಂದು ಗುರುತು ಮಾಡಿ. ವಿಡಿಯೊಗೆ ಸೀಕ್ವೆನ್ಷಿಯಲ್ ಮ್ಯಾಚಿಂಗ್ ಎಂಬುದು ರೂಢಿ. ಆದರೆ ಅದು ಅಕ್ಕಪಕ್ಕದ ಫ್ರೇಮುಗಳನ್ನಷ್ಟೇ ಹೋಲಿಸುತ್ತದೆ. ಹಿಂದೆ ಕಂಡ ಜಾಗವನ್ನೇ ಮತ್ತೆ ಗುರುತಿಸುವ ಲೂಪ್ ಡಿಟೆಕ್ಷನ್ ಇಲ್ಲದಿದ್ದರೆ ಮೊದಲ ಸುತ್ತಿಗೂ ಮೂರನೆಯದಕ್ಕೂ ನಂಟೇ ಬೀಳುವುದಿಲ್ಲ. ಪ್ರತಿ ಚಿತ್ರವನ್ನೂ ಉಳಿದೆಲ್ಲದರ ಜೊತೆ ಹೋಲಿಸುವ ಎಕ್ಸಾಸ್ಟಿವ್ ಮ್ಯಾಚಿಂಗ್ ಇಟ್ಟರೂ 300 ಚಿತ್ರಕ್ಕೆ 44,850 ಜೋಡಿ, ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಇದ್ದರೆ ದೊಡ್ಡ ಹೊರೆಯಲ್ಲ. ನಾನು ಅದನ್ನೇ ಇಡುತ್ತೇನೆ. ರೀಪ್ರೊಜೆಕ್ಷನ್ ಎರರ್, ಅಂದರೆ ಲೆಕ್ಕ ಹಾಕಿದ ಬಿಂದುವಿಗೂ ಚಿತ್ರದಲ್ಲಿ ಕಂಡ ಬಿಂದುವಿಗೂ ಇರುವ ಅಂತರ, ಒಂದು ಪಿಕ್ಸೆಲ್‌ಗಿಂತ ಕಡಿಮೆ ಇರಬೇಕು. ಜೋಡಣೆಯಾಗದೆ ಉಳಿದ ಚಿತ್ರಗಳು ಸಾಮಾನ್ಯವಾಗಿ ಅಂಚಿನವೇ. ಅಷ್ಟು ಭಾಗ ಮತ್ತೆ ಚಿತ್ರಿಸಿ ಸೇರಿಸಿದರೆ ಆಯಿತು.

ಹೀಗೆ ಬಂದ ಮಾದರಿಗೆ ಅಳತೆ ಇರುವುದಿಲ್ಲ. ಕಲ್ಲಿನ ಬುಡದಲ್ಲಿ ಒಂದು ಮೀಟರ್ ಪಟ್ಟಿ ಇಟ್ಟೇ ಚಿತ್ರಿಸಿ, ಆಮೇಲೆ ತ್ರೀಡಿ ಮಾದರಿ ತಿದ್ದುವ ಸಾಫ್ಟ್‌ವೇರ್ ಮೆಶ್‌ಲ್ಯಾಬ್‌ನಲ್ಲಿ ಅದಕ್ಕೆ ಸರಿಹೊಂದಿಸಿ. ಕಲ್ಲಿನ ಅಗಲವನ್ನು ಟೇಪಿನಲ್ಲಿ ಬೇರೆಯಾಗಿ ಅಳೆದಿಟ್ಟುಕೊಂಡರೆ ತಾಳೆ ನೋಡಬಹುದು.

ಕೋಲ್‌ಮ್ಯಾಪ್‌ನ ಡೆನ್ಸ್ ಹಂತಕ್ಕೆ, ಅಂದರೆ ಬಿಂದುಗಳನ್ನು ಒತ್ತಾಗಿ ತುಂಬುವುದಕ್ಕೆ, ಕುಡಾ (ಎನ್‌ವಿಡಿಯಾದ ಲೆಕ್ಕದ ವ್ಯವಸ್ಥೆ) ಇರುವ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಬೇಕು. ಆ ಬಿಂದುಗಳಿಗೆ ಮೇಲ್ಮೈ ಹೊದಿಸುವ ಪಾಯ್ಸನ್ ಮೆಶ್, ಮಾಹಿತಿ ಇಲ್ಲದ ಕಡೆಯೂ ಮೇಲ್ಮೈಯನ್ನು ಊದಿಸಿ ಮುಚ್ಚುತ್ತದೆ. ಬುಡದ ಹುಲ್ಲಿನಲ್ಲಿ ಎದ್ದ ಅಂಥ ಬುಗ್ಗೆಗಳನ್ನು ಕತ್ತರಿಸಿಬಿಡಿ. ದೃಶ್ಯವನ್ನು ಮಸುಕಾದ ಬಣ್ಣದ ಚುಕ್ಕೆಗಳಿಂದ ಕಟ್ಟುವ, 2023ರಲ್ಲಿ ಬಂದ ಗಾಸಿಯನ್ ಸ್ಪ್ಲಾಟಿಂಗ್ ನೋಡಲು ಚೆಂದ, ಆದರೆ ಅಳೆಯಲು ಗಟ್ಟಿ ಮೇಲ್ಮೈ ಕೊಡುವುದಿಲ್ಲ.

ಕೆತ್ತನೆಯ ಪಟ್ಟಿಕೆಗಳ ನಡುವಿನ ಶಾಸನ ಓದಬೇಕಿದ್ದರೆ ಇಷ್ಟೇ ಸಾಲದು. ಒಂದೂವರೆ ಮೀಟರ್ ದೂರದಿಂದ 4ಕೆಯಲ್ಲಿ ಒಂದು ಪಿಕ್ಸೆಲ್ ಎಂದರೆ ಸುಮಾರು ಅರ್ಧ ಮಿಲಿಮೀಟರ್. ಮೆಶ್‌ನಲ್ಲಿ ಉಳಿಯುವ ವಿವರ ಅದಕ್ಕಿಂತ ಹಲವು ಪಟ್ಟು ಒರಟು. ಅಕ್ಷರಗಳಿಗಾಗಿ ಅರ್ಧ ಮೀಟರ್ ದೂರದಿಂದ ಇನ್ನೊಂದು ಸಾಲು ಹಿಡಿಯಿರಿ, ವಿಡಿಯೊ ನಿಲ್ಲಿಸದೆ ನಿಧಾನವಾಗಿ ಹತ್ತಿರ ಹೋಗಿ. ಮೆಶ್‌ಲ್ಯಾಬ್‌ನಲ್ಲಿ ಬಣ್ಣ ತೆಗೆದು ಬೆಳಕನ್ನು ಪಕ್ಕದಿಂದ ಬೀಳಿಸಿದರೆ ಸವೆದ ಗೆರೆಗಳು ಫೋಟೊಗಿಂತ ಚೆನ್ನಾಗಿ ಕಾಣುತ್ತವೆ.