ಪಿನೋಲೆ ಹುರಿಯುವಾಗ ಬಾಣಲೆ ಬಿಟ್ಟು ಹೋಗಬೇಡಿ

ಮೆಕ್ಸಿಕೊದ ಪಿನೋಲೆ ನಮ್ಮ ರಾಗಿ ಹುರಿಹಿಟ್ಟಿಗೆ ದೂರದ ನೆಂಟ. ಮೆಕ್ಕೆಜೋಳ ಹುರಿದು, ಬೀಸಿ, ಬೆಲ್ಲ, ದಾಲ್ಚಿನ್ನಿ ಬೆರೆಸಿದರೆ ಆಯಿತು. ಹೆಸರು ಅಲ್ಲಿನ ಮೂಲನಿವಾಸಿಗಳ ನಾವಾಟ್ಲ್ ಭಾಷೆಯ ‘ಪಿನೋಲಿ’ಯಿಂದ ಬಂದದ್ದು. ಉತ್ತರ ಮೆಕ್ಸಿಕೊದ ಚಿಹುವಾವಾ ರಾಜ್ಯದ ಬೆಟ್ಟ–ಕಣಿವೆಗಳಲ್ಲಿ ಮೈಲಿಗಟ್ಟಲೆ ಓಡುವ ರರಾಮುರಿ ಜನ ದಾರಿಗೆ ಕಟ್ಟಿಕೊಳ್ಳುವ ಬುತ್ತಿಯೂ ಇದೇ. ಇಷ್ಟು ಸುಲಭದ್ದನ್ನೂ ಕೆಡಿಸುವವರಿದ್ದಾರೆ. ಮೊದಲನೆಯವಳು ನಾನೇ.

ಕಾಲು ಕೆಜಿ ಒಣ ಮೆಕ್ಕೆಜೋಳದ ಕಾಳು ತನ್ನಿ. ಕಾರ್ನ್‌ಫ್ಲೋರ್ ಬೇಡ, ಅದು ಸಾರು ಗಟ್ಟಿ ಮಾಡುವ ಪುಡಿ ಅಷ್ಟೇ. ನಾನು ಒಮ್ಮೆ ದುಬಾರಿ ದುಡ್ಡು ಕೊಟ್ಟು ಮಾಸಾ ಹರೀನಾ ತಂದೆ. ಅದು ಟೋರ್ಟಿಯಾ ಅನ್ನೋ ಅಲ್ಲಿನ ರೊಟ್ಟಿಯ ಹಿಟ್ಟು, ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ ಮಾಡುವಂಥದ್ದು. ಎಷ್ಟು ಹುರಿದರೂ ಆ ಸುಣ್ಣದ ವಾಸನೆ ಹೋಗಲಿಲ್ಲ. ಬಿತ್ತನೆ ಬೀಜವನ್ನಂತೂ ಮುಟ್ಟಲೇಬೇಡಿ, ಔಷಧಿ ಸವರಿರುತ್ತಾರೆ.

ಈಗ ಹುರಿಯೋದು. ಎಲ್ಲರೂ ಎಡವುವುದು ಇಲ್ಲೇ. ದಪ್ಪ ತಳದ ಕಬ್ಬಿಣದ ಬಾಣಲೆ ಇಡಿ, ಎಣ್ಣೆ ಬೇಡ, ಉರಿ ಸಣ್ಣಗಿರಲಿ. ಕಾಳು ಒಂದೇ ಪದರ ಹರಡುವಷ್ಟು ಹಾಕಿ, ಕೈ ಬಿಡದೆ ಆಡಿಸಿ. ಐದು ನಿಮಿಷ ಏನೂ ಆಗಲ್ಲ. ಆಗಲೇ ಬೇಜಾರಾಗಿ ಉರಿ ಜಾಸ್ತಿ ಮಾಡ್ತೀರಿ, ಸಿಪ್ಪೆ ಕಪ್ಪಾಗುತ್ತೆ, ಒಳಗೆ ಹಸಿ ಹಾಗೇ ಉಳಿಯುತ್ತೆ. ತಾಳ್ಮೆ ಇರಲಿ. ಮೊದಲು ಕಾಳು ಹೊಳೆಯುತ್ತೆ, ಆಮೇಲೆ ಚಟ್ ಚಟ್ ಅಂತ ಸಿಪ್ಪೆ ಬಿರಿಯುತ್ತೆ. ಒಂದೆರಡು ಅರಳಿ ಹಾರಬಹುದು, ಹಾರಲಿ. ಹದಿನೈದು–ಇಪ್ಪತ್ತು ನಿಮಿಷಕ್ಕೆ ಹೊಂಬಣ್ಣ ಬರುತ್ತೆ. ಬಣ್ಣ ನಂಬಬೇಡಿ, ಒಂದು ಕಾಳು ಆರಿಸಿ ಕಚ್ಚಿ ನೋಡಿ. ಹಲ್ಲಿಗೆ ಗಾಜಿನ ಹಾಗೆ ಗಟ್ಟಿಯಾಗಿ ಸಿಕ್ಕರೆ ಇನ್ನೂ ಆಗಿಲ್ಲ. ಪುಡಪುಡ ಅಂತ ಒಡೆದು, ಒಳಗೂ ಕಂದು ಛಾಯೆ ಇದ್ದರೆ ತಕ್ಷಣ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಆ ಬಿಸಿಗೇ ಸೀಯುತ್ತೆ.

ರರಾಮುರಿಗಳು ಮಡಕೆಯಲ್ಲಿ ಮರಳು ಕಾಯಿಸಿ ಅದರಲ್ಲಿ ಹುರಿಯುತ್ತಾರೆ. ದಾವಣಗೆರೆಯ ಮಂಡಕ್ಕಿ ಭಟ್ಟಿ ನೋಡಿದವರಿಗೆ ಯಾಕೆಂದು ಹೇಳಬೇಕಿಲ್ಲ. ಕಾಳಿನ ಸುತ್ತ ಒಂದೇ ಸಮ ಶಾಖ ಸಿಗುತ್ತೆ. ಮನೆಯಲ್ಲಿ ಮರಳಿನ ಸಾಹಸ ಬೇಡ, ಜರಡಿ ಹಿಡಿಯುವ ಕಷ್ಟ ಯಾರಿಗೆ?

ಪೂರ್ತಿ ಆರಿದ ಮೇಲೆ ಒಂದು ಸಣ್ಣ ಚೂರು ಚಕ್ಕೆ ಹಾಕಿ ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವೇ ಪುಡಿ ಮಾಡಿ, ಜರಡಿ ಹಿಡಿಯಿರಿ. (ಹೌದು, ಇಲ್ಲಿ ಜರಡಿ ಬೇಕೇ ಬೇಕು.) ಗಿರಣಿಗೆ ಕೊಟ್ಟರೆ ನಿಮ್ಮ ಪಿನೋಲೆಗೆ ಹಿಂದಿನವರ ಖಾರದಪುಡಿ ಉಚಿತ. ಬೆಲ್ಲ ಈಗಲೇ ಬೆರೆಸಬೇಡಿ, ಡಬ್ಬಿಯಲ್ಲಿ ಪಸೆಯಾಗಿ ಗಂಟಾಗುತ್ತೆ. ಅಲ್ಲಿನವರು ಹಾಕುವ ಪಿಲೋನ್‌ಸಿಯೊ ಕೂಡ ಕಬ್ಬಿನ ಬೆಲ್ಲವೇ. ಸಕ್ಕರೆ ಹಾಕುವುದಾದರೆ ನನ್ನನ್ನು ಕರೆಯಬೇಡಿ.

ಕುಡಿಯಲು, ಲೋಟಕ್ಕೆ ಎರಡು ಚಮಚ ಪುಡಿ. ಮೊದಲು ತಣ್ಣೀರಲ್ಲಿ ಕದಡಿ, ಆಮೇಲೆ ಹಾಲಿಗೆ ಹಾಕಿ ಹತ್ತು ನಿಮಿಷ ಕುದಿಸಿ ಬೆಲ್ಲ ಸೇರಿಸಿದರೆ ಅತೋಲೆ, ಅಂದರೆ ಅಲ್ಲಿನವರ ಬಿಸಿ ಗಂಜಿ. ಒಲೆ ಹಚ್ಚಲು ಸೋಮಾರಿತನವೇ? ತಣ್ಣೀರಲ್ಲೇ ಕದಡಿ ಕುಡಿಯಿರಿ, ಬೆಟ್ಟದವರು ಹಾಗೇ ಕುಡಿಯುತ್ತಾರೆ.

ನನಗಂತೂ ಒಣ ಪುಡಿಯೇ ಇಷ್ಟ. ಆದರೆ ಅರ್ಧ ಚಮಚಕ್ಕಿಂತ ಜಾಸ್ತಿ ಬೇಡ. ನಾಲಿಗೆ ಮೇಲಿಟ್ಟು ಬಾಯಿ ಮುಚ್ಚಿ, ಮೂಗಲ್ಲಿ ಉಸಿರಾಡಿ, ಎಂಜಲಲ್ಲಿ ನೆನೆದ ಮೇಲೆ ನುಂಗಿ. ಪಿನೋಲೆ ತಿನ್ನುತ್ತಾ ಸಿಳ್ಳೆ ಹೊಡೆಯೋಕಾಗಲ್ಲ ಅನ್ನೋದು ಮೆಕ್ಸಿಕೊದ ಗಾದೆ. ನಮ್ಮ ಮನೆಯಲ್ಲಿ ಒಬ್ಬರು ಬಾಯಿ ತುಂಬಿಕೊಂಡು ನಕ್ಕರು. ಮೇಜಿನ ಬಟ್ಟೆ ಇನ್ನೂ ಒಗೆಯಲು ಬಿದ್ದಿದೆ.