ಬೋಟು ದಡಕ್ಕೆ ಬಂದ ಮೇಲೆ ಪಾಠ

ಎಸ್ಸೆಸ್ಸೆಲ್ಸಿ ಫೇಲಾಗಿ ಮೀನುಗಾರಿಕೆಯ ಬೋಟು ಹತ್ತಿದ ಹುಡುಗರನ್ನು ಮತ್ತೆ ಪರೀಕ್ಷೆಗೆ ಕೂರಿಸುತ್ತೇನೆ ಎಂದಾಗ ಮಲ್ಪೆಯ ನಿವೃತ್ತ ಮೇಷ್ಟರೊಬ್ಬರು, "ಕೈಗೆ ಪಾಲಿನ ದುಡ್ಡು ಬಂದವನು ಬೆಂಚಿನ ಮೇಲೆ ಕೂರುವುದಿಲ್ಲ ಮಾರಾಯರೇ" ಎಂದಿದ್ದರು. ಎರಡು ವರ್ಷಗಳಲ್ಲಿ ಇಪ್ಪತ್ತೆರಡು ಮಂದಿ ಪಾಸಾಗಿದ್ದಾರೆ. ಅದೇ ಮೇಷ್ಟರು ಈಗ ವಾರಕ್ಕೆರಡು ದಿನ ನಮ್ಮಲ್ಲಿ ಸಮಾಜ ಪಾಠ ಮಾಡುತ್ತಾರೆ, ಸಂಬಳವಿಲ್ಲದೆ.

ನಾನೂ ಏಳನೆಯದಕ್ಕೆ ಶಾಲೆ ಬಿಟ್ಟವನೇ. ಅಪ್ಪ ಮನೆಯಲ್ಲಿ ಇದ್ದೂ ಇಲ್ಲದಂತೆ. ಅಮ್ಮ ಬೀಡಿ ಕಟ್ಟುತ್ತಿದ್ದಳು. ಸಾವಿರಕ್ಕೆ ನಲವತ್ತು ಕಟ್ಟು. ಬೀಡಿ ಕಂಪನಿಯ ಬ್ರಾಂಚಿನಲ್ಲಿ ನಾಲ್ಕು ಕಟ್ಟು ಬೇಡವೆಂದು ತಳ್ಳಿದರೆ ಅಂದು ಸಾರಿಗೆ ಮೀನಿಲ್ಲ. ಶೇಕಡಾ ಲೆಕ್ಕ ಕಲಿತದ್ದು ಹಾಗೆ. ಹದಿಮೂರಕ್ಕೆ ಮುಂಬಯಿಯ ಹೋಟೆಲು, ಹಗಲೆಲ್ಲ ಗ್ಲಾಸು ತೊಳೆಯುವುದು, ರಾತ್ರಿ ಕನ್ನಡ ಶಾಲೆ. ನಮ್ಮ ಕರಾವಳಿಯವರು ಅಲ್ಲಿ ನಡೆಸಿದ ರಾತ್ರಿಶಾಲೆಗಳಲ್ಲಿ ಓದಿ ಬಂದವರು ಊರೂರಿಗೆ ಸಿಗುತ್ತಾರೆ, ಅದನ್ನು ಹೆಚ್ಚು ಹೇಳಬೇಕಾಗಿಲ್ಲ. ಮಾಲೀಕರು ಹುಡುಗರನ್ನು ಬಿಡುವ ಹೊತ್ತಿಗೇ ಅಲ್ಲಿ ಪಾಠ ಶುರುವಾಗುತ್ತಿತ್ತು. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆಯಲು ಆರೇಳು ವರ್ಷ ಮತ್ತು ಕೈಯಿಂದ ಸುಮಾರು ಎಪ್ಪತ್ತು ಸಾವಿರ ಹೋಯಿತು.

2017ರಲ್ಲಿ ನಾನು ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಎರಡೂವರೆ ಸಾವಿರ ಬಾಡಿಗೆಗೆ ಕೋಣೆ ಹಿಡಿದೆ, ಹಳೆಯ ಬೆಂಚುಗಳಿಗೆ ಹದಿನೆಂಟು ಸಾವಿರ ಕೊಟ್ಟೆ. ನವೆಂಬರಿನಲ್ಲಿ ಶುರು, ಶುಲ್ಕವಿಲ್ಲ. ಮೊದಲ ದಿನ ಹದಿನೇಳು ಹುಡುಗರು. ಕ್ರಿಸ್‌ಮಸ್ ಹೊತ್ತಿಗೆ ಇಬ್ಬರು. ಆಳಸಮುದ್ರದ ಬೋಟು ಹತ್ತು ದಿನಕ್ಕೆ ಹೋಗುತ್ತದೆ, ಎರಡು ದಿನ ದಡದಲ್ಲಿರುತ್ತದೆ, ಆ ಎರಡು ದಿನ ಹುಡುಗ ನಿದ್ದೆ ಮಾಡುತ್ತಾನೆ. ಮರುವರ್ಷ ನಾಲ್ವರನ್ನು ಹೇಗೋ ತಯಾರು ಮಾಡಿದೆ. ಅರ್ಜಿಯ ಕೊನೆಯ ದಿನ ನಾಲ್ವರೂ ಕಡಲಲ್ಲಿದ್ದರು. ಆಗಿನಿಂದ ಅರ್ಜಿ, ಫೋಟೋ, ಶುಲ್ಕ ಎಲ್ಲ ನನ್ನ ಕೈಯಲ್ಲೇ.

ನಡುವೆ ಒಂದು ಹುಚ್ಚು ಪ್ರಯೋಗ. ಪಾಠಗಳನ್ನು ಧ್ವನಿಮುದ್ರಿಸಿ ಮೆಮೊರಿ ಕಾರ್ಡಿನಲ್ಲಿ ಹಾಕಿ ಬೋಟಿಗೆ ಕಳುಹಿಸಿದೆ. ಎಂಜಿನ್ನಿನ ಗದ್ದಲದಲ್ಲಿ ಏನೂ ಕೇಳಿಸದು. ಒಂದು ಮೊಬೈಲು ಮೀನಿನ ಜೊತೆ ಐಸಿನಡಿ ಹೋಯಿತು. ಆದರೆ ಬೋಟಿನ ಅಡುಗೆಯವನಿಗೆ ಇತಿಹಾಸ ಬಾಯಿಪಾಠವಾಯಿತು. ಅವನಿಗೋ ಐವತ್ತು ದಾಟಿತ್ತು.

ಕೊನೆಗೆ ಕಣ್ಣೆದುರೇ ಇದ್ದದ್ದು ಕಂಡಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, 61 ದಿನ. ಇಡೀ ವರ್ಷದ ಪಾಠವನ್ನು ಅಲ್ಲಿಗೆ ತುರುಕಿದೆ. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಕ್ರಮ ಬಂದದ್ದು ನನ್ನ ಅದೃಷ್ಟ, ಮೂರನೆಯದಕ್ಕೆ ಈ ಬಿಡುವು ಹೊಂದುತ್ತಿತ್ತು. ಜೂನ್ ಒಂದರಂದೇ ಹಾಜರಿ, ದಿನಕ್ಕೆ ಐದು ಗಂಟೆ. ತೂಫಾನ್ ಆದ ಮೇಲೆ ನಾಡದೋಣಿಗಳು ಇಳಿಯುತ್ತವಲ್ಲ, ಆಗ ಅರ್ಧ ತರಗತಿ ಖಾಲಿ. ಅದಕ್ಕೆ ಬೆಳಗಿನ ಪಾಠವನ್ನು ಮಧ್ಯಾಹ್ನ ಮೂರಕ್ಕೆ ತಳ್ಳಿದೆ. ಪುಕ್ಕಟೆ ಪಾಠವನ್ನೂ ಬಿಟ್ಟೆ: ಐನೂರು ರೂಪಾಯಿ ಠೇವಣಿ, ಎಲ್ಲ ಪರೀಕ್ಷೆ ಬರೆದರೆ ವಾಪಸು. ಹಾಜರಿ ಹೇಗೆ ಏರಿತು ಎಂದರೆ ನನಗೇ ನಾಚಿಕೆಯಾಯಿತು.

ಗಣಿತದಲ್ಲಿ ನಾನು ಎಂಬತ್ತಕ್ಕೆ ಇಪ್ಪತ್ತೆಂಟರ, ಅಂದರೆ ಆಗ ಪಾಸಿಗೆ ಬೇಕಿದ್ದಷ್ಟರ, ಗುರಿ ಇಡುತ್ತಿದ್ದೆ, ನಾಚುತ್ತಿರಲಿಲ್ಲ. ರಚನೆ, ನಕ್ಷೆ, ಸರಾಸರಿ, ಇವು ಮೊದಲು. ನಿರ್ದೇಶಾಂಕ ರೇಖಾಗಣಿತಕ್ಕೆ ಎಲ್ಲರೂ ಹೆದರುತ್ತಾರೆ. ನಮ್ಮ ಹುಡುಗರು ಜಿಪಿಎಸ್‌ನಲ್ಲಿ ಮೀನಿನ ಜಾಗ ಗುರುತು ಹಾಕಿಟ್ಟು ಅಭ್ಯಾಸವಿದ್ದವರು. ಬಂಡೆಗೆ ಬಲೆ ಸಿಕ್ಕಿದ ಜಾಗವನ್ನು ಬೋರ್ಡಿನ ಮೇಲೆ ಗುರುತಿಸಿ ಎಂದೆ, ಎರಡೇ ದಿನದಲ್ಲಿ ಅಧ್ಯಾಯ ಮುಗಿಯಿತು.

2024ರಲ್ಲಿ ಮೂರನೆಯ ಪರೀಕ್ಷೆ ಆಗಸ್ಟ್ ಮೊದಲ ವಾರಕ್ಕೆ ಬಿತ್ತು, ಬೋಟು ಹೊರಡುವ ಹೊತ್ತಿಗೇ. "ಸಮುದ್ರಕ್ಕೆ ಹೋಗುವವನಿಗೆ ಪೈಥಾಗೊರಸ್ ಯಾಕೆ ಮಾಷ್ಟ್ರೇ?" ಎಂದು ಬೋಟು ನಡೆಸುವ ತಾಂಡೇಲರು ಗದರಿದರು. ಒಂದು ವಾರ ಕಾಯಲು ಅವರನ್ನು ಒಪ್ಪಿಸಿದ್ದು ಹೇಗೆ ಎಂಬುದನ್ನು ಇಲ್ಲಿ ಬರೆಯಲಾರೆ, ಮತ್ತೆ ಬೇಕಾಗುತ್ತದೆ. ಹದಿನಾಲ್ಕರಲ್ಲಿ ಹನ್ನೆರಡು ಮಂದಿ ಬರೆದರು, ಒಂಬತ್ತು ಪಾಸು. ಮರುವರ್ಷ ಪರೀಕ್ಷೆ ಜುಲೈಯಲ್ಲೇ ಬಂತು, ಸಿಕ್ಕಿದ್ದು ಐದೇ ವಾರ, ಆದರೂ ಹದಿಮೂರು. ಒಬ್ಬ ಕೋಸ್ಟ್ ಗಾರ್ಡಿಗೆ ಅರ್ಜಿ ಹಾಕಿದ್ದಾನೆ, ಅಲ್ಲಿ ನಾವಿಕನ ಒಂದು ಶಾಖೆಗೆ ಹತ್ತನೆಯದು ಸಾಕು. ಇಬ್ಬರು ಐಟಿಐ ಸೇರಿದರು. ಉಳಿದವರು ಮತ್ತೆ ಬೋಟಿನಲ್ಲೇ ಇದ್ದಾರೆ, ಅದರಿಂದ ನನಗೇನೂ ಬೇಸರವಿಲ್ಲ.

ಇಂಗ್ಲಿಷಿಗೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಫೇಲಾದವರಲ್ಲಿ ಹೆಚ್ಚಿನವರು ಅದರಲ್ಲೇ. ಪತ್ರ ಬರೆಯುವುದನ್ನು ಉರು ಹೊಡೆಸಿದೆ, ಕೆಲಸ ಮಾಡಲಿಲ್ಲ. ಈ ಜೂನಿನಲ್ಲಿ ಎಂಜಿನ್ನಿನ ಕೈಪಿಡಿಯಿಂದಲೇ ಓದಿಸಿ ನೋಡುವವನಿದ್ದೇನೆ.